ಬೈತಖೋಲದ ಕಂಪ್ಯೂಟರ್: ಮೊದಲು ಉಪ್ಪು, ಆಮೇಲೆ ಪೇಸ್ಟ್

ಅಂಗಡಿ ಇರುವುದು ಕಾರವಾರದ ಬೈತಖೋಲ ಬಂದರಿಗೆ ಹೋಗುವ ರಸ್ತೆಯಲ್ಲಿ. ದೋಣಿಗೆ ಬೇಕಾದ ಹಗ್ಗ, ಬಲೆ, ಬಣ್ಣ, ಥಿನ್ನರ್, ಎಂಜಿನ್ ಆಯಿಲ್ ಎಲ್ಲ ಅಲ್ಲಿ ಸಿಗುತ್ತದೆ. ಬಿಲ್ ಮಾಡುವ ಕಂಪ್ಯೂಟರ್ ಗಲ್ಲಾದ ಕೆಳಗೆ, ನೆಲದ ಮೇಲೆ ಕೂತಿದೆ. ಬಾಗಿಲು ಸಮುದ್ರದ ಕಡೆಗೆ. ಬೆಳಗ್ಗೆ ಷಟರ್ ಎತ್ತಿದರೆ ರಾತ್ರಿವರೆಗೂ ಉಪ್ಪುಗಾಳಿ ಸೀದಾ ಒಳಗೆ ಬರುತ್ತದೆ.

ಮೇ ತಿಂಗಳಲ್ಲಿ ಅಂಗಡಿಯ ಅಣ್ಣ ಫೋನ್ ಮಾಡಿದರು. ಹತ್ತು ನಿಮಿಷ ಓಡಿದ ಮೇಲೆ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತಿದೆ ಅಂದರು. ಹೋಗಿ ನೋಡಿದೆ. ಮೂರನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್, ಅದರ ಬಿಸಿಯನ್ನು ಎಳೆದು ಗಾಳಿಗೆ ಬಿಡಲು ಕಂಪನಿಯ ಜೊತೆಗೇ ಬಂದ ದುಂಡನೆಯ ಅಲ್ಯೂಮಿನಿಯಂ ಹೀಟ್‌ಸಿಂಕ್, ನಡುವೆ ತಾಮ್ರದ ತುಂಡು. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಯಲ್ಲಿ, ಸುಮ್ನೆ ಬಿಟ್ಟರೂ 74 ಡಿಗ್ರಿ ತೋರಿಸುತ್ತಿತ್ತು. ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆದು ನಾಲ್ಕು ಪ್ರಿಂಟ್ ಕೊಟ್ಟರೆ 97, 98. ಆಮೇಲೆ ಪರದೆ ಕಪ್ಪು.

ಅವತ್ತು ನನಗೆ ಇದು ಮಾಮೂಲಿ ಕೆಲಸ ಅನ್ನಿಸಿತ್ತು. ಒಂದು ತಿಂಗಳ ಹಿಂದಷ್ಟೇ ಶಿರಸಿಯಲ್ಲಿ ಅಕ್ಕನ ಮನೆಯ ಕಂಪ್ಯೂಟರ್‌ಗೆ ಇದನ್ನೇ ಮಾಡಿದ್ದೆ. ಅಲ್ಲಿ ಹೀಟ್‌ಸಿಂಕ್ ತುಂಬ ಒಣ ಧೂಳು, ಅಡಿಕೆ ಬೇಯಿಸುವ ಒಲೆಯ ಮಸಿ. ಬ್ರಷ್‌ನಿಂದ ಧೂಳು ತೆಗೆದು, ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹಳೆಯದಾಗಿತ್ತು, ಅದನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ (ಐಪಿಎ) ಒರೆಸಿ, ಹೊಸ ಪೇಸ್ಟ್ ಹಾಕಿದ್ದೆ. ಅದು ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಬೈತಖೋಲದಲ್ಲೂ ಹಾಗೇ ಮಾಡಿ ಬಂದೆ. ಸುಮ್ನೆ ಬಿಟ್ಟಾಗಿನ ಬಿಸಿ 46ಕ್ಕೆ ಇಳಿಯಿತು. ಅಣ್ಣ ಖುಷಿಯಾದರು.

ಜೂನ್ ಅರ್ಧ ಆಗುವಷ್ಟರಲ್ಲಿ ಮತ್ತೆ ಫೋನ್. ಮತ್ತೆ ಅದೇ ಕಾಯಿಲೆ.

ಎರಡನೇ ಸಲ ಹೀಟ್‌ಸಿಂಕ್ ಬಿಚ್ಚಿದಾಗ ನಾನು ನೋಡಿದ್ದು ಇದು. ನಾನು ಹಾಕಿದ ಪೇಸ್ಟ್ ಮೆತ್ತಗೆ, ಸರಿಯಾಗೇ ಇತ್ತು. ಆದರೆ ಹೀಟ್‌ಸಿಂಕಿನ ಅಲ್ಯೂಮಿನಿಯಂ ಫಿನ್‌ಗಳ, ಅಂದರೆ ತೆಳ್ಳನೆ ಪಟ್ಟಿಗಳ ನಡುವೆ ಒದ್ದೆ ಧೂಳು ಕೆಸರಿನ ಹಾಗೆ ಅಂಟಿಕೊಂಡಿತ್ತು. ಬೆರಳಿಂದ ಮುಟ್ಟಿದರೆ ಜಿಗಿ ಜಿಗಿ. ಫಿನ್‌ಗಳ ಬುಡದಲ್ಲಿ ಬಿಳಿ ಪುಡಿ. ತಾಮ್ರ ಮತ್ತು ಅಲ್ಯೂಮಿನಿಯಂ ಸೇರುವ ಜಾಗದಲ್ಲಿ ಸಣ್ಣಗೆ ಹಸಿರು ಗೆರೆ. ಬರೀ ನಾಲ್ಕು ವಾರದಲ್ಲಿ ಇಷ್ಟು!

ಅಲ್ಲೇ ಸ್ಟೂಲಿನ ಮೇಲೆ ಕೂತು ಯೋಚನೆ ಮಾಡಿದೆ. ಮೇ ತಿಂಗಳಲ್ಲಿ ನಾನು ತೆಗೆದದ್ದು ಪೇಸ್ಟ್ ಮತ್ತು ಧೂಳು ಮಾತ್ರ. ಉಪ್ಪು ಅಲ್ಲೇ ಉಳಿದಿತ್ತು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪು ಗಾಳಿಯಲ್ಲಿರುವ ನೀರನ್ನು ಎಳೆದುಕೊಂಡು ತಾನೇ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚುಕಮ್ಮಿ ಯಾವಾಗಲೂ ಅಷ್ಟು ತೇವವೇ. ಹೀಗಾಗಿ ಫಿನ್ ಮೇಲಿನ ಉಪ್ಪಿನ ಪದರ ಒದ್ದೆಯಾಯಿತು, ಬಂದ ಧೂಳನ್ನೆಲ್ಲ ಹಿಡಿದುಕೊಂಡಿತು. ಆ ಉಪ್ಪುನೀರು ತಾಮ್ರ ಮತ್ತು ಅಲ್ಯೂಮಿನಿಯಂ ನಡುವೆ ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ತಿನ್ನತೊಡಗಿತು. ಬಿಳಿ ಪುಡಿ ಅದರದ್ದೇ.

ಹಾಗಾದರೆ ನಾನು ಒರೆಸಿದ ಐಪಿಎ ಉಪ್ಪನ್ನು ಯಾಕೆ ತೆಗೆಯಲಿಲ್ಲ? ಮನೆಗೆ ಬಂದು ಪರೀಕ್ಷೆ ಮಾಡಿದೆ. ಎರಡು ಸಣ್ಣ ಸ್ಟೀಲ್ ಬಟ್ಟಲು. ಒಂದರಲ್ಲಿ 99ರ ಐಪಿಎ, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್. ಎರಡಕ್ಕೂ ಒಂದೊಂದು ಚಿಟಿಕೆ ಪುಡಿ ಉಪ್ಪು. ನೀರಿನಲ್ಲಿ ಎರಡು ಸಲ ಕಲಕಿದರೆ ಕರಗಿ ಹೋಯಿತು. ಐಪಿಎಯಲ್ಲಿ ಕಾಲು ಗಂಟೆ ಆದ ಮೇಲೂ ಹರಳು ಹರಳಾಗಿ ತಳದಲ್ಲೇ ಬಿದ್ದಿತ್ತು. ಮಾಡಿ ನೋಡಿ, ಐದು ರೂಪಾಯಿಯ ಖರ್ಚೂ ಇಲ್ಲ. ಶಿರಸಿಯಲ್ಲಿ ಸಾಕಾದದ್ದು ಕಾರವಾರದಲ್ಲಿ ಯಾಕೆ ಸಾಕಾಗಲಿಲ್ಲ ಅನ್ನುವುದು ಆ ಎರಡು ಬಟ್ಟಲಲ್ಲೇ ಗೊತ್ತಾಯಿತು.

ಪ್ರೊಸೆಸರ್ ಒರೆಸಲು ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ, ಐಪಿಎ. ಅದು ಸರಿಯೇ. ಆದರೆ ಕರಾವಳಿಯಲ್ಲಿ ಕೊಳೆ ಎರಡು ಬಗೆಯದು. ಒಂದು ಎಣ್ಣೆಯ ಜಾತಿ, ಇನ್ನೊಂದು ಉಪ್ಪಿನ ಜಾತಿ. ಒಂದನ್ನು ಬಿಡಿಸುವುದು ಇನ್ನೊಂದನ್ನು ಮುಟ್ಟುವುದಿಲ್ಲ. ಬಾಟಲಿ ಹುಡುಕುವ ಮೊದಲು ಕೊಳೆ ಯಾವುದು ಅಂತ ನೋಡಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಅಂಗಡಿಯಲ್ಲೂ ವ್ಯಾಪಾರ ಕಮ್ಮಿ. ಹಾಗಾಗಿ ಅಣ್ಣ ಎರಡು ದಿನ ಕಂಪ್ಯೂಟರ್ ಬಿಟ್ಟುಕೊಡಲು ಒಪ್ಪಿದರು. ಕೋಡಿಬಾಗದ ನಮ್ಮ ಮನೆಗೆ ತಂದೆ.

ತರುವ ಮೊದಲು ಅಂಗಡಿಯಲ್ಲೇ ಒಂದು ಮಾತು ನಡೆಯಿತು. "ತಮ್ಮಾ, ಇಷ್ಟು ದೊಡ್ಡ ಡಬ್ಬಿ ಥಿನ್ನರ್ ಇದೆ. ಅದರಲ್ಲಿ ಒಂದ್ಸಲ ಒರೆಸಿಬಿಡು, ಎಲ್ಲ ಬಿಡುತ್ತೆ" ಅಂದರು. ಪ್ರೀತಿಯಿಂದಲೇ ಹೇಳಿದರು, ಅವರಿಗೆ ದೋಣಿಯ ಬಣ್ಣ ಬಿಡಿಸಿ ಗೊತ್ತು. "ಅಣ್ಣ, ಬಣ್ಣ ಬಿಡಿಸುತ್ತೆ, ಹಾಗೇ ಪ್ಲಾಸ್ಟಿಕ್ಕನ್ನೂ ಬಿಡಿಸುತ್ತೆ" ಅಂದೆ. ನಂಬಲಿಲ್ಲ. ಹಾಳಾದ ಕೀಬೋರ್ಡಿನ ಒಂದು ಕೀ ಕಿತ್ತು ಅದರ ಮೇಲೆ ಥಿನ್ನರ್ ಹಚ್ಚಿ ತೋರಿಸಿದೆ. ಮೇಲ್ಮೈ ಅಂಟಂಟಾಗಿ ಬೆರಳಿನ ಗುರುತು ಮೂಡಿತು. ಅಣ್ಣ ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಪೇಸ್ಟ್ ಬಿಡಿಸುವುದರಲ್ಲಿ ಥಿನ್ನರ್ ಮತ್ತು ಪೆಟ್ರೋಲ್ ಐಪಿಎಗಿಂತ ಜೋರು. ಸಾಮಾನ್ಯ ಥರ್ಮಲ್ ಪೇಸ್ಟ್ ಅಂದರೆ ಸಿಲಿಕೋನ್ ಎಣ್ಣೆಯಲ್ಲಿ ಕಲಸಿದ ಜಿಂಕ್ ಆಕ್ಸೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಪುಡಿ. ಸಿಲಿಕೋನ್ ಎಣ್ಣೆ ಪೆಟ್ರೋಲಿನಂಥ ದ್ರವದಲ್ಲಿ ಚೆನ್ನಾಗಿ ಕರಗುತ್ತದೆ, ಐಪಿಎಯಲ್ಲಿ ಅಷ್ಟಾಗಿ ಕರಗುವುದಿಲ್ಲ. ಐಪಿಎ ಪೇಸ್ಟನ್ನು ಸಡಿಲ ಮಾಡುತ್ತದೆ, ತೆಗೆಯುವ ಕೆಲಸ ಬಟ್ಟೆಯದ್ದು. ಅದಕ್ಕೇ ನಾಲ್ಕೈದು ಸಲ ಒರೆಸಬೇಕಾಗುತ್ತದೆ. ಆ ನಾಲ್ಕು ಸಲದ ಶ್ರಮ ಉಳಿಸಲು ಪೆಟ್ರೋಲ್ ಹಿಡಿಯುವುದು ನನಗೆ ಒಪ್ಪಿಗೆ ಇಲ್ಲ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು, ಮೇಲಾಗಿ ಅದರಲ್ಲಿ ಬೆನ್ಜೀನ್ ಇರುತ್ತದೆ, ಅದು ಕ್ಯಾನ್ಸರ್ ತರುವ ವಸ್ತು. ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಟೊಲ್ವೀನ್ ಇರುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದನ್ನು ಉಸಿರಾಡಿದರೆ ತಲೆ ಸುತ್ತುತ್ತದೆ, ಅಭ್ಯಾಸವಾಗಿ ಉಸಿರಾಡಿದರೆ ನರಗಳಿಗೇ ಪೆಟ್ಟು.

ಹಿಂದೆ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು ಸಿಟಿಸಿ ಅಂತ ಒಂದು ದ್ರವ ಬಳಸುತ್ತಿದ್ದರು. ಕಾರ್ಬನ್ ಟೆಟ್ರಾಕ್ಲೋರೈಡ್. ಬೆಂಕಿ ಹತ್ತುವುದಿಲ್ಲ, ಎಣ್ಣೆ ಪಟ್ಟನೆ ಬಿಡಿಸುತ್ತದೆ, ಬೇಗ ಆರುತ್ತದೆ. ಕೆಲಸಕ್ಕೆ ಅಷ್ಟು ಒಳ್ಳೆಯದು. ಆದರೆ ಅದು ಲಿವರ್ ಮತ್ತು ಕಿಡ್ನಿ ಹಾಳು ಮಾಡುತ್ತದೆ, ಕೆಂಡದ ಬಿಸಿ ತಾಗಿದರೆ ಫಾಸ್ಜೀನ್ ಎಂಬ ವಿಷ ಅನಿಲ ಹುಟ್ಟುತ್ತದೆ. ಓಝೋನ್ ಪದರಕ್ಕೂ ಹಾನಿ. 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ 2010ರ ಹೊತ್ತಿಗೆ ನಮ್ಮ ದೇಶದಲ್ಲೂ ಒರೆಸುವ ಕೆಲಸಕ್ಕೆ ಅದರ ಬಳಕೆ ನಿಂತಿತು. ಯಾರಾದರೂ ಹಿರಿಯ ಮೆಕ್ಯಾನಿಕ್ ಹಳೇ ಬಾಟಲಿ ತೆಗೆದು "ಇದರಷ್ಟು ಒಳ್ಳೇದು ಇನ್ನೊಂದಿಲ್ಲ" ಅಂದರೆ, ದಯವಿಟ್ಟು ಮುಚ್ಚಳ ತೆಗೆಯಲು ಬಿಡಬೇಡಿ. ಅವರ ಆರೋಗ್ಯಕ್ಕೂ ಅದು ಒಳ್ಳೆಯದಲ್ಲ.

ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಿದೆ. ಇದು ನನಗೆ ಬಹಳ ಉಪಯೋಗಕ್ಕೆ ಬಂತು. ಹಳೇ ಕನ್ನಡಿಯ ಮೇಲೆ ಒಂದೊಂದು ಹನಿ ಬೇರೆ ಬೇರೆ ದ್ರವ ಹಾಕಿ ಫ್ಯಾನ್ ಕೆಳಗೆ ಆರಲು ಬಿಟ್ಟೆ. ಆರಿದ ಮೇಲೆ ಏನು ಉಳಿಯುತ್ತದೆಯೋ ಅದೇ ಪ್ರೊಸೆಸರ್ ಮೇಲೂ ಉಳಿಯುತ್ತದೆ. ಸೀಮೆಎಣ್ಣೆ ಸಂಜೆವರೆಗೂ ಆರಲಿಲ್ಲ, ಎಣ್ಣೆಯ ಕಲೆ ಹಾಗೇ ಇತ್ತು. ಕೈಗೆ ಹಚ್ಚುವ ಸ್ಯಾನಿಟೈಸರ್ ಅಂಟಿನ ಹಾಗೆ ಉಳಿಯಿತು, ಅದರಲ್ಲಿ ಗ್ಲಿಸರಿನ್ ಮತ್ತು ಜೆಲ್ ಇರುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವ ಬೇಗ ಆರಿತು, ಆದರೆ ಬಣ್ಣದ ವೃತ್ತ ಬಿಟ್ಟಿತು. ಅದು ಬಹುಪಾಲು ಅಸಿಟೋನ್, ಜೊತೆಗೆ ಎಣ್ಣೆ, ಸುವಾಸನೆ. ತುಕ್ಕು ಬಿಡಿಸುವ ಸ್ಪ್ರೇ ಜಾರುವ ಪದರ ಬಿಟ್ಟಿತು. ಎರಡು ವರ್ಷದ ಹಿಂದೆ ಯಾರೋ ರಿಪೇರಿಯವರು ಈ ಕಂಪ್ಯೂಟರ್‌ನ ಫ್ಯಾನ್‌ಗೆ ಅಂಥದ್ದೇ ಸ್ಪ್ರೇ ಹೊಡೆದಿದ್ದರಂತೆ. ಧೂಳು ಕಟ್ಟಿಕೊಳ್ಳಲು ಅದೂ ಒಂದು ಕಾರಣ ಅಂತ ನನಗೆ ಈಗ ಖಾತ್ರಿ.

ನಮ್ಮ ಬಾವಿಯ ನೀರು ಕನ್ನಡಿಯ ಮೇಲೆ ದಪ್ಪ ಬಿಳಿ ಉಂಗುರ ಬಿಟ್ಟಿತು. ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗ ಹತ್ತಿರ, ಬಾವಿಗಳಲ್ಲಿ ಉಪ್ಪಿನ ಅಂಶ ಸಹಜ. ಮಳೆನೀರು ಹಿಡಿದು ನೋಡಿದೆ, ಅದೂ ತೆಳ್ಳಗೆ ಗುರುತು ಬಿಟ್ಟಿತು. ಸಮುದ್ರದ ಬದಿಯ ಮಳೆಯಲ್ಲೂ ಸ್ವಲ್ಪ ಉಪ್ಪು ಇರುತ್ತದೆ. ಏನೂ ಉಳಿಸದೆ ಆರಿದ್ದು ಎರಡೇ: 99ರ ಐಪಿಎ ಮತ್ತು ಡಿಸ್ಟಿಲ್ಡ್ ವಾಟರ್.

ಡಿಸ್ಟಿಲ್ಡ್ ವಾಟರ್ ಗ್ಯಾರೇಜಿನಲ್ಲಿ ಬ್ಯಾಟರಿ ವಾಟರ್ ಅಂತ ಸಿಗುತ್ತದೆ. ಆದರೆ ಅಲ್ಲೇ ಪಕ್ಕದಲ್ಲಿ ಅದೇ ತರಹದ ಕ್ಯಾನ್‌ನಲ್ಲಿ ಬ್ಯಾಟರಿ ಆಸಿಡ್ ಕೂಡ ಇಟ್ಟಿರುತ್ತಾರೆ. ಸೀಲ್ ಇರುವ, ಲೇಬಲ್ ಓದಲು ಬರುವ ಬಾಟಲಿ ಮಾತ್ರ ತನ್ನಿ. ಐಪಿಎ ಮೊಬೈಲ್ ರಿಪೇರಿ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್ ಬಾಟಲಿಯಲ್ಲಿ ಏನೇನಿದೆ ಅಂತ ಓದಿ ನೋಡಿ. ಕೆಲವದರಲ್ಲಿ 30 ಶೇಕಡಾ ನೀರು, ಕೆಲವದರಲ್ಲಿ ಚರ್ಮಕ್ಕೆ ಒಳ್ಳೆಯದೆಂದು ಎಣ್ಣೆಯೂ ಇರುತ್ತದೆ. ಬಡಗಿಗಳು ಪಾಲಿಶ್‌ಗೆ ಬಳಸುವ ಸ್ಪಿರಿಟ್ ಬೇಡ, ಅದರಲ್ಲಿ ಮೆಥನಾಲ್ ಇರಬಹುದು. ಅದು ಆವಿಯಾಗಿಯೂ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಕಣ್ಣಿಗೆ ಅಪಾಯ. ಐಪಿಎ ಬಾಟಲಿಯ ಮುಚ್ಚಳವನ್ನು ಮಳೆಗಾಲದಲ್ಲಿ ತೆರೆದಿಡಬೇಡಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, 99 ಅಂತ ತಂದದ್ದು 99 ಆಗಿ ಉಳಿಯುವುದಿಲ್ಲ.

ಇನ್ನು ಕೆಲಸ. ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಬೋರ್ಡಿನ ಸಿಆರ್2032 ಸೆಲ್ ತೆಗೆದೆ. ಹೀಟ್‌ಸಿಂಕಿನ ನಾಲ್ಕು ಪಿನ್‌ಗಳನ್ನು ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆದೆ. ಪೇಸ್ಟ್ ಹಸಿಯಿದ್ದ ಕಾರಣ ಸುಲಭವಾಗಿ ಬಂತು. ಒಣಗಿ ಹಿಡಿದುಕೊಂಡಿದ್ದರೆ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗಾದ ಮೇಲೆ ಆಫ್ ಮಾಡಿ, ಹೀಟ್‌ಸಿಂಕನ್ನು ಎಡಬಲಕ್ಕೆ ಮೆಲ್ಲಗೆ ತಿರುಚಿ ತೆಗೆಯಬೇಕು. ಸೀದಾ ಮೇಲಕ್ಕೆ ಎಳೆಯಬಾರದು. ಕಾಲಿರುವ ಎಎಂಡಿ ಪ್ರೊಸೆಸರ್‌ಗಳಲ್ಲಿ ಹಾಗೆ ಎಳೆದರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಕಾಲುಗಳು ಬಾಗುತ್ತವೆ.

ಹೀಟ್‌ಸಿಂಕಿನಿಂದ ಫ್ಯಾನ್ ಬೇರೆ ಮಾಡಿದೆ. ಫ್ಯಾನನ್ನು ನೀರಿಗಾಗಲಿ ಐಪಿಎಗಾಗಲಿ ಅದ್ದಬಾರದು, ಬೇರಿಂಗಿನ ಎಣ್ಣೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ರೆಕ್ಕೆ ಒರೆಸಿದೆ, ಅಷ್ಟೇ.

ತಾಮ್ರದ ಹಸಿರು ನೋಡಿ ಅಮ್ಮ ಹುಣಸೆಹಣ್ಣು ತಂದುಕೊಟ್ಟರು. ದೇವರ ತಂಬಿಗೆ ತಿಕ್ಕುವ ಹಾಗೆ ತಿಕ್ಕು ಅಂತ. ತಂಬಿಗೆಗೆ ಅದು ಸರಿ. ಇಲ್ಲಿ ಪಕ್ಕದಲ್ಲೇ ಅಲ್ಯೂಮಿನಿಯಂ ಇದೆ, ಹುಳಿ ಅದನ್ನು ತಿನ್ನುತ್ತದೆ, ಸಂದಿಯಲ್ಲಿ ಉಳಿದರೆ ತೊಳೆದರೂ ಹೋಗುವುದಿಲ್ಲ. ಅಡುಗೆ ಸೋಡಾಕ್ಕಿಂತ ಜೋರಾದ ಬಟ್ಟೆ ಸೋಡಾ, ಬೂದಿ ಎಲ್ಲವೂ ಅಲ್ಯೂಮಿನಿಯಂಗೆ ಶತ್ರು. ಹಸಿರು ಗೆರೆಯನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದೆ.

ಆಮೇಲೆ ಬರೀ ಲೋಹದ ಭಾಗವನ್ನು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಹತ್ತು ನಿಮಿಷ ನೆನೆಸಿಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿದೆ, ಹಳೇ ಸ್ಪ್ರೇಯ ಎಣ್ಣೆ ಬಿಡಲಿ ಅಂತ. ಮೆತ್ತನೆ ಟೂತ್‌ಬ್ರಷ್‌ನಿಂದ ಒಂದೊಂದೇ ಫಿನ್ ತಿಕ್ಕಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಆ ನೀರನ್ನು ಚೆಲ್ಲಿ ಹೊಸ ನೀರು, ಮತ್ತೆ ಚೆಲ್ಲಿ ಮತ್ತೆ ಹೊಸ ನೀರು. ಮೂರನೇ ಸಲದ ನೀರಿನ ಒಂದು ಹನಿಯನ್ನು ಕನ್ನಡಿಯ ಮೇಲೆ ಆರಿಸಿ ನೋಡಿದೆ. ಗುರುತಿಲ್ಲ. ಆಗ ಮಾತ್ರ ತೊಳೆದದ್ದು ಸಾಕು ಅಂದುಕೊಂಡೆ. ಕೊನೆಗೆ ಐಪಿಎ ಸುರಿದೆ. ಅದು ನೀರಿನ ಜೊತೆ ಬೆರೆತು ಸಂದಿಯಲ್ಲಿನ ನೀರನ್ನು ಹೊರಗೆ ತರುತ್ತದೆ. ರಾತ್ರಿಯಿಡೀ ಟೇಬಲ್ ಫ್ಯಾನ್ ಮುಂದೆ ಇಟ್ಟೆ. ಒಲೆಯ ಹತ್ತಿರ ಒಣಗಿಸುವ ಆಸೆ ಬೇಡ.

ಯಾಕೆಂದರೆ ಐಪಿಎ ಆವಿಗೆ ಬೆಂಕಿ ಹತ್ತಲು ದ್ರವ 12 ಡಿಗ್ರಿ ಇದ್ದರೆ ಸಾಕು. ಕಾರವಾರದ ಮಳೆಗಾಲದ ರಾತ್ರಿ ಕೂಡ ಅದಕ್ಕಿಂತ ಬೆಚ್ಚಗಿರುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗುತ್ತದೆ. ದೇವರ ದೀಪ, ಊದಿನಕಡ್ಡಿ, ಗ್ಯಾಸ್ ಒಲೆ ಯಾವುದೂ ಅದೇ ಕೋಣೆಯಲ್ಲಿ ಇರಬಾರದು. ನಾನು ಜಗಲಿಯಲ್ಲಿ ಕೂತು, ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ಒಂದು ಸಣ್ಣ ಬಟ್ಟಲಿಗೆ ಬೇಕಾದಷ್ಟೇ ಸುರಿದುಕೊಂಡು ಮಾಡಿದೆ. ಒರೆಸಿದ ಬಟ್ಟೆಗಳನ್ನು ಹೊರಗೆ ಹರಡಿ ಪೂರ್ತಿ ಆರಿದ ಮೇಲೆ ಕಸಕ್ಕೆ ಹಾಕಿದೆ.

ಪ್ರೊಸೆಸರನ್ನು ಸಾಕೆಟ್‌ನಿಂದ ತೆಗೆಯಲಿಲ್ಲ. ಇದರ ಸಾಕೆಟ್ ಎಲ್‌ಜಿಎ 1155 ಜಾತಿಯದು, ಕೂದಲಿನಂಥ ಪಿನ್‌ಗಳು ಬೋರ್ಡಿನಲ್ಲೇ ಇರುತ್ತವೆ. ಅಡಿಯಲ್ಲಿ ಪೇಸ್ಟ್ ಹೋಗಿರದಿದ್ದರೆ ತೆಗೆಯದೇ ಇರುವುದು ಕ್ಷೇಮ. ಹಳೇ ಸಿಮ್ ಕಾರ್ಡಿನ ಪ್ಲಾಸ್ಟಿಕ್‌ನಿಂದ ಪೇಸ್ಟ್ ಕೆರೆದೆ, ಬ್ಲೇಡ್ ಬೇಡವೇ ಬೇಡ. ಆಮೇಲೆ ಐಪಿಎಯಲ್ಲಿ ಅದ್ದಿ ಹಿಂಡಿದ ಬಟ್ಟೆ. ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು. ಬಟ್ಟೆಗೆ ಅಪ್ಪನ ಹಳೇ ಪಂಚೆ ಬಳಸಿದೆ. ನೂರಾರು ಸಲ ಒಗೆದ ಹತ್ತಿ, ಎಳೆ ಬಿಡುವುದಿಲ್ಲ. ಟಿಶ್ಯೂ ಪೇಪರ್‌ಗಿಂತ ಎಷ್ಟೋ ವಾಸಿ. ಹೊರಗಿನಿಂದ ನಡುವಿಗೆ ಒರೆಸಿದೆ, ಪ್ರತಿ ಸಲ ಬಟ್ಟೆಯ ಹೊಸ ಭಾಗ. ಐದನೇ ಸಲಕ್ಕೆ ಬಟ್ಟೆ ಬೆಳ್ಳಗೇ ಉಳಿಯಿತು. ಪ್ರೊಸೆಸರ್‌ನ ಮುಚ್ಚಳ ನಿಕಲ್ ಲೇಪದ ತಾಮ್ರ, ಐಪಿಎ ಅದಕ್ಕೆ ಏನೂ ಮಾಡುವುದಿಲ್ಲ.

ಬೋರ್ಡಿನ ಮೇಲೆ ಸಾಕೆಟ್ ಸುತ್ತ, ಕೆಪಾಸಿಟರ್ ಬುಡಗಳಲ್ಲಿ ತೆಳ್ಳನೆ ಬಿಳಿ ಮಬ್ಬು ಇತ್ತು. ಇದೂ ಉಪ್ಪೇ. ಬೋರ್ಡನ್ನು ನೀರಿಗೆ ಹಾಕಲು ನನಗೆ ಧೈರ್ಯ ಬರಲಿಲ್ಲ. ಏಳು ಭಾಗ ಐಪಿಎ, ಮೂರು ಭಾಗ ಡಿಸ್ಟಿಲ್ಡ್ ವಾಟರ್ ಬೆರೆಸಿದೆ. ನೀರಿನ ಭಾಗ ಉಪ್ಪನ್ನು ಕರಗಿಸುತ್ತದೆ, ಐಪಿಎ ಬೇಗ ಆರಲು ನೆರವಾಗುತ್ತದೆ. ಪ್ರೊಸೆಸರ್ ಮೇಲೆ ಬೇಡ ಅನ್ನುವ 70 ಶೇಕಡಾ ಮಿಶ್ರಣ ಇಲ್ಲಿ ಸರಿಯಾದ ಮದ್ದು. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒಂದೊಂದೇ ಜಾಗ ಒರೆಸಿ, ಕಡ್ಡಿ ಬದಲಿಸುತ್ತಾ ಹೋದೆ. ಸುಮಾರು ನಲವತ್ತು ಕಡ್ಡಿ ಖರ್ಚಾಯಿತು. ಮೇಲಿಂದ ಒಮ್ಮೆ 99ರ ಐಪಿಎ. ಬೋರ್ಡ್ ಕೂಡ ರಾತ್ರಿಯಿಡೀ ಫ್ಯಾನ್ ಮುಂದೆ.

ಮರುದಿನ ತೊಗರಿಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು, ಎದುರುಬದುರಿನ ಪಿನ್‌ಗಳನ್ನು ಜೋಡಿಯಾಗಿ ಒತ್ತಿದೆ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಬೆವರಿನಲ್ಲೂ ಉಪ್ಪೇ ಇರುವುದು.

ಸುಮ್ನೆ ಬಿಟ್ಟಾಗ 41 ಡಿಗ್ರಿ. ಅರ್ಧ ಗಂಟೆ ಜೋರಾಗಿ ಓಡಿಸಿದರೆ 69. ಅಂಗಡಿಗೆ ಮರಳಿಸಿದಾಗ ಕಂಪ್ಯೂಟರನ್ನು ನೆಲದಿಂದ ಎತ್ತಿ, ಬಾಗಿಲಿಗೆ ಎದುರಾಗದ ಹಾಗೆ ಕಪಾಟಿನ ಬದಿಗೆ ಸ್ಟೂಲಿನ ಮೇಲೆ ಇಡಿಸಿದೆ. ಸಮುದ್ರದ ಗಾಳಿ ಈಗ ನೇರ ಫ್ಯಾನ್‌ಗೆ ಬಡಿಯುವುದಿಲ್ಲ.

ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗೆ ಇಳಿದವು, ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಬಿಲ್. ಚೌತಿಯ ಹೊತ್ತಿಗೆ ಮುಚ್ಚಳ ತೆಗೆದು ನೋಡಿದೆ. ಧೂಳು ಇತ್ತು. ಬ್ರಷ್ ತಾಗಿಸಿದರೆ ಒಣಗಿದ ಪುಡಿಯಾಗಿ ಉದುರಿತು, ಬೆರಳಿಗೆ ಜಿಗಿ ಇಲ್ಲ. 43 ಡಿಗ್ರಿ. ಫ್ಯಾನ್ ಮಾತ್ರ ಸಣ್ಣಗೆ ಗುಂಯ್ ಅನ್ನುತ್ತಿದೆ, ಬೇರಿಂಗ್ ಸವೆದಿದೆ. ಹೊಸ ಫ್ಯಾನ್ ಹುಬ್ಬಳ್ಳಿಯಿಂದ ಬರಬೇಕು, ಅಣ್ಣ ಆರ್ಡರ್ ಕೊಟ್ಟಿದ್ದಾರೆ.